ಊರಿಗೆಲ್ಲ ನೀರು ಹಾಕಿದವಳು

ನಮ್ಮೂರಿನಲ್ಲಿ ಯಾರ ಮೂಗು ನೆಟ್ಟಗಿದ್ದರೂ ಅದು ತನ್ನ ಕೈಗುಣ ಎಂದು ಸಣ್ಣತಾಯಮ್ಮ ಹೇಳಿಕೊಳ್ಳುತ್ತಿದ್ದಳು. ಹುಟ್ಟಿದ ಕೂಸನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ, ಮೂಗನ್ನು ಎರಡು ಬೆರಳಿನ ನಡುವೆ ಹಿಡಿದು ದಿನಾ ಒಂದಿಷ್ಟು ನೀವಿ ನೀವಿ ಎಳೆಯುವುದು ಅವಳ ಪದ್ಧತಿ. ಬಸ್ಸಿಗೆ ಕಾಯುತ್ತ ನಿಂತ ಮೀಸೆ ಚಿಗುರಿದ ಹುಡುಗರ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ನೋಡು, ಎಂಗದೆ ಮೂಗು! ನಿಮ್ಮಪ್ಪಂದು ಬದ್ನೇಕಾಯಿ ಕಣ್ಲಾ. ನಾನು ಎಳ್ದಿದ್ಕೆ ನಿಂಗೆ ಎಣ್ಣು ಸಿಕ್ತದೆ" ಎನ್ನುವಳು. ಹುಡುಗರು ನಾಚಿ, ಬಾರದ ಬಸ್ಸು ಬಂದಂತೆ ಓಡುವರು. ಯಾರಾದರೂ ಡೊಂಕು ಮೂಗಿನವರನ್ನು ತೋರಿಸಿ ಇದು ಯಾರ ಕೈಗುಣ ಎಂದು ಕೇಳಿದರೆ ಅದಕ್ಕೂ ಉತ್ತರ ಇತ್ತು. "ಅವ್ರವ್ವ ತಿಂಗ್ಳು ತುಂಬೋ ಮುಂಚೆಯೇ ತವರಿಗೆ ಎತ್ಕಂಡೋದ್ಲು. ಅರ್ಧ ಕೆಲ್ಸಕ್ಕೆ ನಾನು ಜವಾಬ್ದಾರಿ ಅಲ್ಲ."

ಗಿಡ್ಡ ಆಳು. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡೇ ಹುಟ್ಟಿದವಳಂತೆ ಓಡಾಡುತ್ತಿದ್ದಳು. ಅಂಗೈ ಸದಾ ಎಣ್ಣೆಯ ಜಿಡ್ಡಿನಿಂದ ಮಿರುಗುತ್ತಿತ್ತು. ಅವಳು ಹಿಡಿದ ಕಂಬಿಯನ್ನು ಆಮೇಲೆ ಹಿಡಿದವರು ಜಾರುತ್ತಾರೆ ಎಂದು ಅರಕೆರೆ ಬಸ್ಸಿನ ಕಂಡಕ್ಟರು ರೇಗಿಸುತ್ತಿದ್ದ. ಕೂಸಿಗೆ ನೀರು ಹಾಕುವುದಷ್ಟೇ ಅವಳ ಕೆಲಸವಾಗಿರಲಿಲ್ಲ. ಹೆಸರಿಡುವ ದಿನ ತೊಟ್ಟಿಲ ಪದ ಹೇಳುವುದು, ಹುಡುಗಿ ದೊಡ್ಡವಳಾದರೆ ಅರಿಶಿನದ ನೀರು ಹಾಕುವುದು, ಮದುವೆಯಲ್ಲಿ ಎಣ್ಣೆ ಶಾಸ್ತ್ರ, ಬಸುರಿಗೆ ಮಡಿಲು ತುಂಬುವ ದಿನ ಮುಂದಾಳತ್ವ, ಕೊನೆಗೆ ಹೆಂಗಸರು ಸತ್ತರೆ ಹೆಣಕ್ಕೆ ನೀರು, ಎಲ್ಲದಕ್ಕೂ ಅವಳೇ ಬೇಕು. ಒಂದು ಬೆಳಗ್ಗೆ ಮೇಲಿನ ಬೀದಿಯಲ್ಲಿ ಒಬ್ಬ ಮುದುಕಿಯ ಹೆಣಕ್ಕೆ ನೀರು ಹಾಕಿ, ತಾನೂ ಮಿಂದು, ಒದ್ದೆ ತಲೆಯಲ್ಲೇ ನಮ್ಮ ಮನೆಗೆ ಬಂದು ನನ್ನ ಮಗಳನ್ನು ಕಾಲಮೇಲೆ ಹಾಕಿಕೊಂಡಳು. "ನಿಂಗೆ ಒಂಥರಾ ಆಗಲ್ವಾ?" ಎಂದು ಕೇಳಿದೆ.

"ಎರಡೂ ನೀರೇ ಕಣವ್ವ. ಒಂದು ಅಳ್ತದೆ, ಒಂದು ಅಳಾಕಿಲ್ಲ. ಅದು ಅಳ್ದೆ ಇದ್ರೆ ಮನೇರು ಅಳ್ತಾರೆ. ಲೆಕ್ಕ ಸರಿಯೋಯ್ತದೆ" ಎಂದಳು.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಹುಟ್ಟಿದ್ದು ನಾಗಮಂಗಲದಾಚೆ, ಬಿಂಡಿಗನವಿಲೆ ಕಡೆ. ಅಲ್ಲಿ ಮಳೆ ಬಂದರೆ ರಾಗಿ, ಬಾರದಿದ್ದರೆ ಕುರಿ. ಇಲ್ಲಿ ಮನೆ ಹಿತ್ತಲಿಗೇ ನಾಲೆ, ಕಣ್ಣು ಹಾಯಿಸಿದಷ್ಟು ದೂರ ಭತ್ತ, ಕಬ್ಬು. ಹೊಸದರಲ್ಲಿ ಈ ಜನ ನೀರನ್ನು ಚೆಲ್ಲುವ ರೀತಿ ನೋಡಿ ನನಗೆ ಎದೆ ಧಸಕ್ಕೆನ್ನುತ್ತಿತ್ತು. ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ಮೊದಲ ಬಸುರಿನಲ್ಲಿ ಮಡಿಲಕ್ಕಿ ತಂದವನು ಅಪ್ಪ ಒಬ್ಬನೇ. ಪಂಚೆಯ ಚುಂಗಿನಲ್ಲಿ ಬಳೆ, ಒಂದು ಚೀಲದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ. ಹೆಂಗಸರ ನಡುವೆ ಅವನ್ನು ಯಾರ ಕೈಗೆ ಕೊಡಬೇಕೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದ. ಬಾಣಂತನಕ್ಕೆ ನನ್ನನ್ನು ಕರೆದೊಯ್ದರೆ ನೋಡಿಕೊಳ್ಳುವವರಾರು ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಕೇಳಿದಳು. ಅಪ್ಪ ತಲೆ ತಗ್ಗಿಸಿದ. ಆಗ ಸಣ್ಣತಾಯಮ್ಮ ಎದ್ದು ಬಂದು ಅಪ್ಪನ ಕೈಯಿಂದ ಚೀಲ ಈಸಿಕೊಂಡಳು.

"ಅವ್ವ ಇಲ್ದಿದ್ರೆ ಏನಾಯ್ತು? ನಾನಿಲ್ವಾ? ಈ ಕೂಸಿನ ಬಾಣಂತನ ನಂದು. ನೀ ನೆಮ್ಮದಿಯಾಗಿ ಊಟ ಮಾಡ್ಬುಟ್ಟು ಓಗಪ್ಪ" ಎಂದಳು. ಅಪ್ಪ ಅವಳಿಗೆ ಕೈ ಮುಗಿದ. ಅವನಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಅಷ್ಟೆ.

ಹೇಳಿದಂತೆಯೇ ಮಾಡಿದಳು. ಹೆರಿಗೆಯಾಗಿ ಶ್ರೀರಂಗಪಟ್ಟಣದ ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ನನ್ನ ಮೈ ನನ್ನದಾಗಿ ಉಳಿಯಲಿಲ್ಲ. ನೆತ್ತಿಯಿಂದ ಹಿಮ್ಮಡಿಯವರೆಗೆ ಎಣ್ಣೆ ತಿಕ್ಕಿ, ಹಂಡೆಯ ಕುದಿನೀರನ್ನು ಬೆನ್ನಿಗೆ ರಪರಪನೆ ಹೊಡೆದು, ನಾನು ಕಿರುಚಿದರೆ "ಕಿರುಚು, ಕಿರುಚು, ನಂಜೆಲ್ಲ ಓಗ್ಲಿ" ಎಂದು ಇನ್ನೊಂದು ಚೆಂಬು ಎತ್ತುವಳು. ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಹಳೇ ಸೀರೆಯ ಬಿಗಿ ಕಟ್ಟು, ಮೆಣಸು ಬೆಳ್ಳುಳ್ಳಿಯ ಸಾರು. ಆಗ ನನಗೆ ಅವ್ವನ ಮುಖ ನೆನಪಾಗುತ್ತಿತ್ತು ಎಂದರೆ ಸುಳ್ಳು. ಅವ್ವನ ಮುಖ ನನಗೆ ಅಷ್ಟಾಗಿ ನೆನಪೇ ಇರಲಿಲ್ಲ. ಅವ್ವ ಎಂದರೆ ಬಹುಶಃ ಹೀಗಿರುತ್ತಾಳೆ ಎಂದು ಇವಳನ್ನು ನೋಡಿ ಕಲಿತೆ.

ಮಗು ಹೆಣ್ಣೆಂದು ತಿಳಿದಾಗ ಅತ್ತೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕುಕ್ಕರಿಸಿದ್ದವಳು ಎದ್ದೇ ಇರಲಿಲ್ಲವಂತೆ. ಸಣ್ಣತಾಯಮ್ಮ ಅವಳ ಕೈ ಹಿಡಿದೆಬ್ಬಿಸಿ, "ಲಕ್ಷ್ಮಿ ಬಂದವ್ಳೆ, ಮಕ ಯಾಕಮ್ಮಿ ಅಂಗ್ ಇಟ್ಕಂಡಿದ್ದೀಯ? ಮೊದ್ಲು ಸಕ್ರೆ ಅಂಚು" ಎಂದು ಗದರಿದಳಂತೆ. ಇದನ್ನು ಕೇಳಿದಾಗ ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಮಗಳಿಗೆ ಅವಳದೇ ಹೆಸರಿಡಬೇಕೆಂದು ಹಟ ಹಿಡಿದೆ. ಅವಳೇ ಬೇಡವೆಂದಳು. "ನನ್ನೆಸ್ರು ಇಟ್ರೆ ಇಸ್ಕೂಲಲ್ಲಿ ನಗ್ತಾರೆ. ಈಗಿನ ಕಾಲದ್ದು ಯಾವ್ದಾರ ಇಡು" ಎಂದಳು. ಹರ್ಷಿತಾ ಎಂದಿಟ್ಟೆವು. ಸಣ್ಣತಾಯಮ್ಮನ ಬಾಯಲ್ಲಿ ಅದು ಅರ್ಷಿತ ಆಯಿತು.

ಎಣ್ಣೆ ತಿಕ್ಕುವಾಗ ತನ್ನ ಕತೆ ಹೇಳುತ್ತಿದ್ದಳು. ತವರು ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆ ಹತ್ತಿರ. ಇಲ್ಲಿಗೆ ಮದುವೆಯಾಗಿ ಬಂದು ಸಾಲಾಗಿ ನಾಲ್ಕು ಹೆಣ್ಣು ಹೆತ್ತಳು. ನಾಲ್ಕನೆಯದಕ್ಕೆ ಹೆಸರಿಡುವ ಮೊದಲೇ ಗಂಡ ಇನ್ನೊಬ್ಬಳನ್ನು ಮನೆಗೆ ತಂದ. ಇವಳು ಮಕ್ಕಳನ್ನು ಕಟ್ಟಿಕೊಂಡು ಊರಂಚಿನ ಒಂದು ಕೋಣೆಗೆ ಬಂದಳು. ಎರಡನೆಯವಳಿಗೆ ಗಂಡು ಹುಟ್ಟಿದಾಗ ಆ ಕೂಸಿಗೂ ಇವಳೇ ಹೋಗಿ ನೀರು ಹಾಕಿದಳಂತೆ. "ಅದ್ಕೂ ಮೂಗು ಎಳ್ದೆ ಕಣೆ. ಕೂಸು ಏನ್ ಮಾಡ್ತು ಪಾಪ" ಎಂದು ನಕ್ಕಳು. ಅವಳು ನಕ್ಕಳೆಂದು ನಾನೂ ನಕ್ಕೆ.

ಅವಳ ಎದೆಗಾರಿಕೆ ಎಂಥದೆಂದು ನಾನು ಕಣ್ಣಾರೆ ಕಂಡದ್ದು ಹರ್ಷಿತಾಗೆ ಎರಡು ತಿಂಗಳಿದ್ದಾಗ. ಪಕ್ಕದ ಮನೆಯ ಕೆಂಪಜ್ಜಿ ಹಾಸಿಗೆ ಹಿಡಿದಿದ್ದಳು. ಅದೇ ಮನೆಯ ಮೊಮ್ಮಗಳ ಮದುವೆ ಶ್ರೀರಂಗಪಟ್ಟಣದ ಛತ್ರದಲ್ಲಿ. ಹುಡುಗಿಗೆ ಒಂದು ಸಲ ಮದುವೆ ಗೊತ್ತಾಗಿ ಮುರಿದುಬಿದ್ದಿತ್ತು. ಇದು ಎರಡನೆಯದು. ಹಿಂದಿನ ದಿನದ ಆರತಕ್ಷತೆಗೆ ಊರಿಗೆ ಊರೇ ಹೊರಟಿತು. ಎಳೆಗೂಸೆಂದು ನಾನು ಉಳಿದೆ. ಅಜ್ಜಿಯನ್ನು ನೋಡಿಕೊಳ್ಳಲು ಸಣ್ಣತಾಯಮ್ಮ ಉಳಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆಯಿಂದ, "ಸವಿತಾ, ಕೂಸ ಎತ್ಕಂಡು ಬಾ ಇಲ್ಲಿ" ಎಂದು ಕೂಗಿದಳು. ಹೋದೆ. ಕೆಂಪಜ್ಜಿಯ ಪ್ರಾಣ ಹೋಗಿತ್ತು.

"ಫೋನ್ ಮಾಡ್ಲಾ?" ಎಂದೆ.

"ತಾಳಿ ಕಟ್ಟೋಗಂಟ ಬಾಯ್ ಬುಡಬ್ಯಾಡ. ಸೂತಕ ಅಂದ್ರೆ ಮದ್ವೆ ನಿಂತೋಯ್ತದೆ. ಆ ಎಣ್ಣಿನ ಗತಿ ಏನು?"

ಸ್ವಲ್ಪ ಹೊತ್ತಿಗೆ ಛತ್ರದಿಂದ ಅಜ್ಜಿಯ ಮಗನೇ ಫೋನ್ ಮಾಡಿದ. ಸಣ್ಣತಾಯಮ್ಮ ಹೆಣದ ಪಕ್ಕದಲ್ಲಿ ಕೂತೇ, "ಈಗ್ತಾನೆ ಗಂಜಿ ಕುಡುದ್ಲು ಕಣಪ್ಪ, ಮಲಗವ್ಳೆ. ನೀ ಬೀಗ್ರನ್ನ ನೋಡ್ಕ" ಎಂದಳು. ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ. ಬೆಳಗ್ಗೆ ಯಾರೋ ಬೈಕಿನಲ್ಲಿ ಬಂದು ಅಜ್ಜಿಗೆಂದು ಚಿರೋಟಿ ಕೊಟ್ಟರು. ಬಾಗಿಲಲ್ಲೇ ಅಡ್ಡ ನಿಂತು ಈಸಿಕೊಂಡಳು. "ಅಜ್ಜಿ ಬಾಯಲ್ಲಿ ಅಲ್ಲೆಲ್ಲವ್ವೆ, ಆಲಲ್ಲಿ ನೆನ್ಸಿ ತಿನ್ನುಸ್ತೀನಿ" ಎಂದು ಕಳಿಸಿದಳು. ತಂದು ಅಜ್ಜಿಯ ತಲೆದೆಸೆಯಲ್ಲಿಟ್ಟು, ಒಂದು ಗಳಿಗೆ ನೋಡಿ, "ನೀ ತಿಂದಂಗೇ ಬುಡಜ್ಜಿ" ಎಂದು ತಾನೇ ತಿಂದಳು. ತಾಳಿ ಕಟ್ಟಾಯಿತು, ಧಾರೆ ಆಯಿತು, ಊಟವಾಯಿತು. ಮಧ್ಯಾಹ್ನ ಎಲ್ಲರೂ ವ್ಯಾನಿನಿಂದ ಇಳಿಯುತ್ತಿದ್ದಂತೆ ಇವಳು ಅಂಗಳಕ್ಕೆ ಬಂದು, "ಈಗ ಓದ್ಲು ಕಣ್ರಪ್ಪೋ!" ಎಂದು ಎದೆ ಬಡಿದುಕೊಂಡಳು. ಅಜ್ಜಿಯ ಮಗ ಒಳಗೆ ಹೋಗಿ ತಾಯಿಯ ಕೈ ಮುಟ್ಟಿದ. ಮರದಂತೆ ಸೆಟೆದಿದ್ದ ಕೈ. ಸಣ್ಣತಾಯಮ್ಮನ ಮುಖ ನೋಡಿದ. ಅವಳಿಗೆ ಕೈ ಮುಗಿದ.

ಒಳ್ಳೆಯದಕ್ಕಾಗಿ ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಸುಳ್ಳಿನಲ್ಲಿ ನನಗೂ ಪಾಲು ಸಿಕ್ಕಿತೆಂದು ಎಷ್ಟೋ ದಿನ ಹೆಮ್ಮೆಪಟ್ಟೆ.

ಹರ್ಷಿತಾ ಬಾಲವಾಡಿ ಮುಗಿಸಿ ಶಾಲೆಗೆ ಸೇರಿದ ವರ್ಷ ನಾನು ಮತ್ತೆ ಬಸುರಾದೆ. ನಾಲ್ಕು ತಿಂಗಳಾಗಿತ್ತು. ಸುಸ್ತು, ತಲೆಸುತ್ತು. ನನ್ನ ಗಂಡ ರಮೇಶ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆಯುತ್ತಿದ್ದ. ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತು ದಿನಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಒಂದು ದಿನ ಸಣ್ಣತಾಯಮ್ಮ ನನ್ನ ಕಣ್ಣ ರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ವಲ್ಲೇ ನಿಂಗೆ. ಪಾಂಡವಪುರದ ಕಡೆ ಒಬ್ರು ಡಾಕ್ಟ್ರವ್ರೆ. ತೋರ್ಸ್ಕಂಡು ಬರನ" ಎಂದಳು. ಅತ್ತೆ, "ಓಗ್ಬುಟ್ಟು ಬಾ, ಮಗೀನ ನಾನು ನೋಡ್ಕಳ್ತೀನಿ" ಎಂದಳು. ಅತ್ತೆ ನನ್ನ ಆರೋಗ್ಯದ ಬಗ್ಗೆ ಅಷ್ಟು ಮೃದುವಾಗಿ ಮಾತಾಡಿದ್ದು ಅದೇ ಮೊದಲು. ಸಂತೋಷವಾಯಿತು.

ಒಂದು ಕಾರು ಬಂತು. ಪಾಂಡವಪುರ ದಾಟಿ, ಟಾರು ರಸ್ತೆ ಬಿಟ್ಟು, ಕಬ್ಬಿನ ಗದ್ದೆಗಳ ನಡುವಿನ ಗಾಡಿಜಾಡಿನಲ್ಲಿ ಹೋಗಿ ಒಂದು ಆಲೆಮನೆಯ ಮುಂದೆ ನಿಂತಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸಿಹಿ ವಾಸನೆ. ಹಿಂದುಗಡೆ ನೀಲಿ ಶೀಟು ಹೊದಿಸಿದ ಒಂದು ಕೋಣೆ.

"ಡಾಕ್ಟ್ರು ಇಲ್ಯಾಕವ್ರೆ?" ಎಂದು ಕೇಳಿದೆ.

"ಆಸ್ಪತ್ರೆ ಕಟ್ಟುಸ್ತಾವ್ರಂತೆ. ಅಲ್ಲೀಗಂಟ ಇಲ್ಲೇ ನೋಡ್ತಾರೆ. ನೀ ಬಾ ಮಗಾ" ಎಂದು ನನ್ನ ಕೈ ಹಿಡಿದುಕೊಂಡಳು. ಎಣ್ಣೆಯ ಕೈ, ಬೆಚ್ಚಗಿತ್ತು. ಪಿಯುಸಿಯಲ್ಲಿ ಸೈನ್ಸ್ ಓದಿದ್ದ ನಾನು ಆ ಕೈ ಹಿಡಿದು ಒಳಗೆ ಹೋದೆ.

ಒಬ್ಬ ಹೊಟ್ಟೆಯ ಮೇಲೆ ಯಂತ್ರ ಆಡಿಸಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೊರಗೆ ಹೋಗಿ ಸಣ್ಣತಾಯಮ್ಮನೊಂದಿಗೆ ಏನೋ ಮಾತಾಡಿದ. ಅವಳು ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತು ನನ್ನ ತಲೆ ಸವರಿದಳು.

"ಎದೆ ಗಟ್ಟಿ ಮಾಡ್ಕ ಮಗಾ. ಕೂಸು ಓಗ್ಬುಟ್ಟದೆ."

"ಇಲ್ಲ, ಮೊನ್ನೆ ಮಿಸುಕಾಡ್ದಂಗಾಯ್ತು ನಂಗೆ."

"ಅದು ಗಾಳಿ ಕಣವ್ವ. ಎಷ್ಟ್ ಜನಕ್ಕೆ ನೋಡಿವ್ನಿ ನಾನು. ಅದ್ನ ಒಳ್ಗೇ ಬುಟ್ರೆ ನಿನ್ನ ಜೀವಕ್ಕೆ ಕುತ್ತು. ಅರ್ಷಿತನ ನೆನ್ಸ್ಕ."

ಅಲ್ಲಿಂದ ಇನ್ನೊಂದು ಮನೆಗೆ ಕರೆದೊಯ್ದರು. ಅಲ್ಲಿ ನಡೆದದ್ದನ್ನು ಬರೆಯುವುದು ನನ್ನಿಂದಾಗದು. ಅವಳು ನನ್ನ ಕೈ ಬಿಡಲಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ.

ಮನೆಗೆ ಬಂದಮೇಲೆ ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿದಳು. ಅದೇ ಎಣ್ಣೆ, ಅದೇ ನೀರು, ಅದೇ ಸಾರು. ತೊಟ್ಟಿಲೊಂದಿಲ್ಲ. ನನ್ನ ಬೆನ್ನಿಗೆ ನೀರು ಹಾಕುತ್ತ ಅವಳೇ ಬಿಕ್ಕುತ್ತಿದ್ದಳು. ನಾನು ತಿರುಗಿ ಅವಳನ್ನು ಸಮಾಧಾನ ಮಾಡಿದ ದಿನಗಳೂ ಉಂಟು. "ಬುಡು ಸಣ್ತಾಯವ್ವ, ದೇವ್ರು ಕೊಟ್ಟಿರ್ನಿಲ್ಲ ಅಷ್ಟೆ" ಎನ್ನುತ್ತಿದ್ದೆ. ಅಪ್ಪ ನೋಡಲು ಬಂದಾಗ ಅವನಿಗೆ ಹೇಳಿ ನಾಗಮಂಗಲದಿಂದ ಅವಳಿಗೊಂದು ಸೀರೆ ತರಿಸಿದೆ. ಕನಕಾಂಬರ ಬಣ್ಣದ್ದು. ಕೊಟ್ಟಾಗ ಅವಳು ಈಸಿಕೊಳ್ಳಲು ಹಿಂದೆ ಮುಂದೆ ನೋಡಿದಳು. ದಾಕ್ಷಿಣ್ಯವೆಂದುಕೊಂಡು ನಾನೇ ಅವಳ ಹೆಗಲ ಮೇಲೆ ಹೊದಿಸಿ ಕಾಲಿಗೆ ಬಿದ್ದೆ.

ಅವರೆಕಾಯಿ ಕಾಲ. ಹಾಲು ಹಾಕಲು ಡೇರಿಗೆ ಹೋಗಿದ್ದೆ. ಅಲ್ಲಿನ ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಒಂದು ಆಲೆಮನೆ, ಅದರ ಹಿಂದೆ ನೀಲಿ ಶೀಟಿನ ಕೋಣೆ, ಸುತ್ತ ಪೊಲೀಸರು. ಮಂಚವನ್ನು ತೋರಿಸಿದರು. ಅದೇ ಮಂಚ.

"ಎಣ್ಣೋ ಗಂಡೋ ನೋಡಿ, ಎಣ್ಣಾದ್ರೆ ತೆಗ್ಸ್ತಿದ್ರಂತೆ ಕಣ್ಲಾ" ಎಂದು ನನ್ನ ಮುಂದೆ ನಿಂತಿದ್ದವನು ಪಕ್ಕದವನಿಗೆ ಹೇಳಿದ.

"ಆಲೆಮನೇಲಾ? ಬೆಲ್ಲ ಕಾಯ್ಸೋ ಜಾಗ್ದಲ್ಲಾ?" ಎಂದು ಅವನು ಕೇಳಿದ.

ನನ್ನ ಸರದಿ ಬಂತು. ಹಾಲು ಅಳೆಸಿದ್ದು ಹೇಗೋ ನೆನಪಿಲ್ಲ. ಖಾಲಿ ಕ್ಯಾನು ಹಿಡಿದುಕೊಂಡೇ ಸಣ್ಣತಾಯಮ್ಮನ ಕೋಣೆಗೆ ಹೋದೆ. ಅವಳು ಬಾಗಿಲ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿದವಳೇ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೂ ಸುದ್ದಿ ತಲುಪಿತ್ತು.

"ಎಣ್ಣಾ?" ಎಂದೆ.

"ಊಂ ಕಣವ್ವ."

"ಜೀವ ಇತ್ತಾ?"

ಒಂದು ಕಾಯಿ ಕೈಗೆತ್ತಿಕೊಂಡು ಸುಲಿಯದೆ ಹಾಗೇ ಕೆಳಗಿಟ್ಟಳು. "ಇತ್ತು."

ಅವಳು ಇಲ್ಲವೆಂದು ಹೇಳಿದ್ದರೆ ನಾನು ನಂಬುತ್ತಿದ್ದೆ. ಈಗಲೂ ಅನಿಸುತ್ತದೆ, ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲವಳು ಆ ಒಂದು ಸುಳ್ಳನ್ನೂ ಹೇಳಿ ನನ್ನನ್ನು ಉಳಿಸಬಾರದಿತ್ತೇ?

"ನಿನ್ನತ್ತೆ ಬೇರೆ ಎಣ್ಣು ನೋಡಿಟ್ಟಿದ್ಲು. ಇದೂ ಎಣ್ಣಾದ್ರೆ ರಮೇಶಂಗೆ ಇನ್ನೊಂದು ಕಟ್ತೀನಿ ಅಂತ ನನ್ನೆದುರ್ಗೇ ಅಂದ್ಲು. ನಾನು ಬೀದಿಗೆ ಬಿದ್ದಿದ್ದು ನಿಂಗೆ ಗೊತ್ತಲ್ಲ? ನಾಕು ಎಣ್ಮಕ್ಳ ಕಟ್ಕಂಡು ಈ ಕ್ವಾಣೇಲಿ ಎಂಗ್ ಬದ್ಕಿದ್ದೀನಿ ಅಂತ ನನಗ್ಗೊತ್ತು. ನಿಂಗೆ ಅವ್ವನೂ ಇಲ್ಲ, ಓಗಾಕೆ ಜಾಗವೂ ಇಲ್ಲ. ನಿನ್ನ ಉಳುಸ್ಕಳಾಕೆ ಮಾಡ್ದೆ ಕಣವ್ವ. ನನ್ನಾಣೆ."

"ನನ್ನ ಯಾಕೆ ಕೇಳ್ನಿಲ್ಲ?"

"ಕೇಳಿದ್ರೆ ಬ್ಯಾಡ ಅಂತಿದ್ದೆ."

ಇದನ್ನು ಅವಳು ಎಷ್ಟು ಸಹಜವಾಗಿ ಹೇಳಿದಳೆಂದರೆ, ನನ್ನ ಕೈಯಲ್ಲಿದ್ದ ಕ್ಯಾನು ಜಾರಿ ಕಲ್ಲಿನ ಮೇಲೆ ಬಿದ್ದು ಉರುಳಿತು. ಅವಳು ಎದ್ದು ಹೋಗಿ ಅದನ್ನು ಎತ್ತಿ ತಂದು, ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟಳು. ನಾನು ಅದನ್ನು ಮುಟ್ಟದೆ ಬಂದೆ.

ಮನೆಗೆ ಬಂದು ರಮೇಶನನ್ನು ಕೇಳಿದೆ. "ನಿಂಗೆ ಗೊತ್ತಿತ್ತಾ?" ಟ್ರ್ಯಾಕ್ಟರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ, "ಅವ್ವಂಗ್ ಗೊತ್ತಿತ್ತು" ಎಂದ. ಅಷ್ಟು ಸಾಕಾಯಿತು. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಸ್ವಲ್ಪ ದಿನಕ್ಕೆ ಅಧಿಕಾರಿಗಳು ಪೊಲೀಸರೊಂದಿಗೆ ಊರಿಗೆ ಬಂದು ಮನೆಮನೆ ವಿಚಾರಿಸಿದರು. ಯಾರಿಗೂ ಏನೂ ಗೊತ್ತಿರಲಿಲ್ಲ. ಸಣ್ಣತಾಯಮ್ಮ ಇನ್ನೂ ಎಷ್ಟು ಜನರನ್ನು ಅಲ್ಲಿಗೆ ಕರೆದೊಯ್ದಿದ್ದಳೋ, ಅವರಲ್ಲಿ ಕೇಳಿ ಕರೆದೊಯ್ದದ್ದು ಎಷ್ಟು, ಕೇಳದೆ ಕರೆದೊಯ್ದದ್ದು ಎಷ್ಟೋ, ಆ ಹೆಂಗಸರೇ ಹೇಳಬೇಕು. ಬಾಗಿಲುಗಳು ಮುಚ್ಚಿಕೊಂಡವು. ನಮ್ಮ ಬಾಗಿಲಿಗೆ ಬಂದಾಗ ನಾನು ಅವರನ್ನು ಜಗಲಿಯ ಮೇಲೆ ಕೂರಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅತ್ತೆಯ ಹೆಸರನ್ನೂ ಹೇಳಿದೆ. ಸಣ್ಣತಾಯಮ್ಮನ ಹೆಸರು ಹೇಳುವ ಮೊದಲು ಎದ್ದು ಹೋಗಿ ಒಂದು ಚೆಂಬು ನೀರು ತಂದೆ. ಬಂದಿದ್ದ ಮಹಿಳಾ ಅಧಿಕಾರಿ ನೀರು ಕುಡಿಯಿರಿ ಎಂದರು. ಕುಡಿದು ಹೇಳಿದೆ.

ಅವಳನ್ನು ಜೀಪಿಗೆ ಹತ್ತಿಸುವಾಗ ಊರಿನ ಹೆಂಗಸರೆಲ್ಲ ನೆರೆದಿದ್ದರು. ಒಬ್ಬರೂ ಅವಳನ್ನು ಬೈಯಲಿಲ್ಲ. ಬೈದದ್ದು ನನ್ನನ್ನು. "ಅವ್ವನಂಗೆ ನೋಡ್ಕಂಡೋಳ್ನ ಜೈಲ್ಗಟ್ಟುದ್ಲಲ್ಲ, ಎಂಥ ಎಂಗ್ಸು ಇವ್ಳು!" ಎಂದು ನನಗೆ ಕೇಳಿಸುವಂತೆ ಅಂದರು. ಮದುವೆಗೆ ಕರೆಯುವುದು ಬಿಟ್ಟರು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನನಗೆ ತಿಳಿಯುತ್ತಿದ್ದುದು ಬಾಗಿಲ ತೋರಣ ನೋಡಿ. ಠಾಣೆಯಲ್ಲಿ ಹೇಳಿಕೆ ಕೊಟ್ಟು ಬಂದ ಅತ್ತೆ ನನ್ನೊಂದಿಗೆ ಮಾತು ಬಿಟ್ಟಳು. ಮಾತು ಬಿಟ್ಟವಳು ಕೇಸು ಕೋರ್ಟಿಗೆ ಬರುವ ಮೊದಲೇ ಪ್ರಾಣವನ್ನೂ ಬಿಟ್ಟಳು. ರಮೇಶ ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ. ಇನ್ನೊಂದು ಮಗು ಬೇಡವೆಂದು ನಾನು ಹೇಳಿದಾಗ, ಆಯಿತು ಎಂದ. ಅವನಿಗೆ ಗಂಡುಮಗು ಅಷ್ಟೇನೂ ಬೇಕಾಗಿರಲಿಲ್ಲ ಎಂದು ಆಮೇಲೆ ಆಮೇಲೆ ನನಗೆ ತಿಳಿಯಿತು. ಬೇಡ ಎನ್ನುವಷ್ಟು ಬಾಯಿ ಮಾತ್ರ ಅವನಿಗೆ ಇರಲಿಲ್ಲ. ಒಂದೇ ಮನೆಯಲ್ಲಿದ್ದೇವೆ. ಅವನು ಒಳ್ಳೆಯವನೇ ಎಂದು ಯಾರಾದರೂ ಹೇಳಿದರೆ ನಾನು ಇಲ್ಲವೆನ್ನುವುದಿಲ್ಲ.

ಅತ್ತೆ ಮೋಸ ಮಾಡಿದಳು, ಗಂಡ ಮೋಸ ಮಾಡಿದ. ಆದರೆ ಅವರಿಂದ ನಾನು ಬಹಳವೇನೂ ಬಯಸಿರಲಿಲ್ಲ. ಕೊಡುವವರು ಕೊಡದಿದ್ದರೆ ನೋವಾಗುತ್ತದೆ. ಸಣ್ಣತಾಯಮ್ಮ ಕೊಟ್ಟಿದ್ದಳು. ಕೊಟ್ಟು, ಆ ಕೈಯಿಂದಲೇ ಕಿತ್ತುಕೊಂಡಳು. ಮೊದಲು ಕೊಟ್ಟದ್ದೂ ನಿಜವೋ ಸುಳ್ಳೋ ಎಂದು ವರ್ಷಗಟ್ಟಲೆ ಮನಸ್ಸಿನಲ್ಲೇ ಅಳೆದು ಸುರಿದು ಸಾಕಾಯಿತು.

ಜಾಮೀನಿನ ಮೇಲೆ ಹೊರಗೆ ಬಂದವಳು ಊರಿಗೆ ಮರಳಲಿಲ್ಲ. ಶೀಳನೆರೆ ಕಡೆ ಕೊಟ್ಟಿದ್ದ ಕಿರಿಯ ಮಗಳ ಮನೆ ಸೇರಿಕೊಂಡಳು. ನಾನು ಅವಳನ್ನು ಮತ್ತೆ ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಕೋರ್ಟಿನಲ್ಲಿ. ಸಾಕ್ಷಿ ಹೇಳಲು ನನ್ನನ್ನು ಕರೆಸಿದ್ದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಮಗಳ ತೋಳು ಹಿಡಿದುಕೊಂಡು ಒಬ್ಬ ಮುದುಕಿ ಬಂದು ನನ್ನ ಪಕ್ಕದಲ್ಲೇ ಕೂತಳು. ಬೇರೆ ಬೆಂಚುಗಳು ಖಾಲಿ ಇದ್ದವು. ಕೂದಲು ಪೂರಾ ಉದುರಿತ್ತು, ಅಂಗೈ ಒಣಗಿ ಬಿರುಕು ಬಿಟ್ಟಿತ್ತು.

"ಅರ್ಷಿತ ಎಂಗವ್ಳೆ?" ಎಂದಳು.

ಮಾತಾಡಬಾರದೆಂದುಕೊಂಡೇ, "ದೊಡ್ಡೋಳಾದ್ಲು" ಎಂದೆ.

"ಯಾವಾಗ?"

"ಓದ್ವರ್ಸ."

"ಯಾರು ನೀರುಯ್ದೋರು?"

"ನಾನೇ ಉಯ್ದೆ. ಯಾರೂ ಬರ್ನಿಲ್ಲ."

ತಲೆಯಾಡಿಸಿದಳು. "ಎಣ್ಣೆ ಬೆಚ್ಚಗ್ ಮಾಡ್ಕಂಡ್ಯಾ? ತಣ್ಣಂದು ಅಚ್ಚಬಾರ್ದು" ಎಂದಳು. ನನಗೆ ಸಿಟ್ಟು ಎಲ್ಲಿಂದ ಬಂತೋ, ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ಹೆಸರು ಕೂಗುವವರೆಗೂ ತಿರುಗಿ ನೋಡಲಿಲ್ಲ.

ಒಳಗೆ ವಕೀಲರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ನಿಂತಿರುವವರು ನಿಮಗೆ ಏನಾಗಬೇಕು?" ಎಂಬುದು.

ನಮ್ಮೂರಿನವರು ಎಂದೆ. ನೆಂಟರೇ ಎಂದು ಕೇಳಿದರು. ಅಲ್ಲ ಎಂದೆ. ನೆರೆಯವರೇ ಎಂದು ಕೇಳಿದರು. ಒಂದೇ ಬೀದಿಯಲ್ಲ ಎಂದೆ. ಮತ್ತೆ ಹೇಗೆ ಪರಿಚಯ ಎಂದರು. "ನನ್ನ ಬಾಣಂತನ ಮಾಡ್ದೋರು" ಎಂದೆ. ಆಮೇಲಿನದನ್ನೆಲ್ಲ ಒಂದೂ ತಪ್ಪದೆ ಹೇಳಿದೆ. ಆಲೆಮನೆ, ಮಂಚ, ಯಂತ್ರ, ಕೂಸು ಸತ್ತಿದೆ ಎಂದು ನನಗೆ ಹೇಳಿದ್ದು, ಆಮೇಲೆ ಜೀವ ಇತ್ತೆಂದು ಒಪ್ಪಿಕೊಂಡದ್ದು. ಅವಳು ಕಟಕಟೆಯ ಕಂಬಿ ಹಿಡಿದು, ಪಾಠ ಒಪ್ಪಿಸುವ ಮಗುವಿನ ಬಾಯನ್ನು ನೋಡುವಂತೆ ನನ್ನ ಬಾಯನ್ನೇ ನೋಡುತ್ತಿದ್ದಳು.

ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ನನಗಾಗಿ ಕಾದಿದ್ದಳು. "ಎಲ್ಲ ಸರ್ಯಾಗೇ ಏಳ್ದೆ ಕಣವ್ವ. ಒಂದೂ ಸುಳ್ಳಿರ್ನಿಲ್ಲ. ಓಗು, ಅರಕೆರೆ ಬಸ್ಸು ತಪ್ಪೋಯ್ತದೆ" ಎಂದಳು. ಅವಳ ಮಗಳು ನನ್ನನ್ನು ದುರುಗುಟ್ಟಿ ನೋಡಿ, ಅವಳನ್ನು ಎಳೆದುಕೊಂಡು ಕೆ.ಆರ್.ಪೇಟೆ ಬಸ್ಸಿನ ಕಡೆ ಹೋದಳು. ಅದೇ ಕೊನೆ.

ತೀರ್ಪು ಬರುವ ಮೊದಲೇ, ಹೋದ ಬೇಸಿಗೆಯಲ್ಲಿ ಅವಳು ಸತ್ತಳು. ಸುದ್ದಿ ಬಂದ ಬೆಳಗ್ಗೆ ನಮ್ಮೂರಿನ ಹೆಂಗಸರೆಲ್ಲ ಎರಡು ಟೆಂಪೋ ಮಾಡಿಕೊಂಡು ಹೊರಟರು. ಅವಳ ಕಾಲಮೇಲೆ ಮಲಗಿ ಬೆಳೆದ ಹುಡುಗರೂ ಬೈಕುಗಳಲ್ಲಿ ಹೊರಟರು. ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ. ಹರ್ಷಿತಾ ಬಾಗಿಲ ಹತ್ತಿರ ನಿಂತು ಟೆಂಪೋ ನೋಡುತ್ತಿದ್ದಳು. ಅವಳಿಗೆ ಎಲ್ಲವೂ ಗೊತ್ತು. ತನಗೊಬ್ಬಳು ತಂಗಿ ಇರಬೇಕಿತ್ತು ಎಂಬುದನ್ನು ಅವಳಿಗೆ ನಾನೇ ಹೇಳಿದ್ದೇನೆ.

"ಅವ್ವಾ, ನಾನು ಹೋಗಿ ಬರ್ಲಾ?" ಎಂದಳು.

ಅವಳ ಮೈಗೂ ಆ ಕೈ ಎಣ್ಣೆ ಹಚ್ಚಿತ್ತು. ಅದರ ಲೆಕ್ಕ ಅವಳದು ಎಂದುಕೊಂಡು, "ಹೋಗು" ಎಂದೆ. ಟೆಂಪೋ ನಾಲೆಯ ಸೇತುವೆ ದಾಟಿ ಹೋಯಿತು. ಆಮೇಲೆ ಇಡೀ ಬೀದಿಯಲ್ಲಿ ಹೆಂಗಸೆಂದು ಉಳಿದವಳು ನಾನೊಬ್ಬಳೇ. ದನಕ್ಕೆ ಹುಲ್ಲು ಹಾಕಿದೆ. ಕೊಟ್ಟಿಗೆ ಗುಡಿಸಿದೆ. ಮತ್ತೊಮ್ಮೆ ಗುಡಿಸಿದೆ.

ಸಂಜೆ ಹರ್ಷಿತಾ ಬಂದಳು. ಸಾವಿನ ಮನೆಗೆ ಹೋಗಿ ಬಂದವಳೆಂದು ಹಿತ್ತಲಿನಿಂದಲೇ ಬಚ್ಚಲಿಗೆ ಹೋಗಿ ಮಿಂದು, ಟವೆಲಿನಲ್ಲಿ ತಲೆ ಕಟ್ಟಿಕೊಂಡು ನನ್ನ ಪಕ್ಕ ಜಗಲಿಯ ಮೇಲೆ ಕೂತಳು.

"ಅಲ್ಲಿ ಎಲ್ರೂ ಅಳ್ತಿದ್ರವ್ವ. ನಂಗೆ ಅಳು ಬರ್ಲಿಲ್ಲ. ನೀನು ಬಂದಿದ್ರೆ ಅಳ್ತಿದ್ದಾ?"

"ಅದಕ್ಕೇ ಬರ್ಲಿಲ್ಲ" ಎಂದೆ.